ಆರು ಬಿರಡೆ, ನಾಲ್ಕು ತಂತಿ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ ಹಳೇ ಪುಸ್ತಕದ ಕಪಾಟು ಹುಡುಕಿಕೊಂಡು ಹೋದವನು ಒಂದು ವಾದ್ಯ ಹೊತ್ತುಕೊಂಡು ಮನೆಗೆ ಬಂದೆ. ನಾವಿರುವುದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ. ಚಳಿ ಸ್ವಲ್ಪ ಕಡಿಮೆಯಾಯಿತು ಅಂದರೆ ಇಲ್ಲಿ ಜನ ಗ್ಯಾರೇಜ್ ಬಾಗಿಲು ತೆರೆದು ಮನೆಯಲ್ಲಿ ಬೇಡವಾದ ಸಾಮಾನನ್ನೆಲ್ಲ ಹೊರಗಿಟ್ಟು ಮಾರುತ್ತಾರೆ. ಹಾಗೆ ಇಟ್ಟಿದ್ದ ಒಂದು ಮೇಜಿನ ಮೇಲೆ, ಹಳೇ ಮಿಕ್ಸಿಗೂ ಮಕ್ಕಳ ಸ್ಕೇಟ್ಸಿಗೂ ನಡುವೆ, ಅದು ಬೋರಲು ಬಿದ್ದಿತ್ತು.

ತಿರುಗಿಸಿ ನೋಡಿದೆ. ಸುಮಾರು ಮೂರು ಅಡಿ ಉದ್ದ, ನಡು ಸಣ್ಣ, ಎರಡೂ ಕಡೆ ಉಬ್ಬು. ಮೇಲ್ಹಲಗೆಯಲ್ಲಿ ಹೃದಯದ ಆಕಾರದ ನಾಲ್ಕು ತೂತು. ಉದ್ದಕ್ಕೂ ಒಂದು ಪಟ್ಟಿ, ಅದರ ಮೇಲೆ ಲೋಹದ ಮೆಟ್ಟುಗಳು. ತೂತಿನೊಳಗೆ ಇಣುಕಿದರೆ ಒಂದು ಚೀಟಿ ಕಂಡಿತು. ಮಾಡಿದವರ ಹೆಸರು ಅಳಿಸಿಹೋಗಿತ್ತು, 1978 ಅಂತ ಮಾತ್ರ ಓದಲು ಬರುತ್ತಿತ್ತು. ಬಿರಡೆ ಆರಿದ್ದವು, ತಂತಿ ಮೂರೇ. ಆ ಮೂರೂ ತುಕ್ಕು ಹಿಡಿದಿದ್ದವು.

“ಮೌಂಟನ್ ಡಲ್ಸಿಮರ್. ನನ್ನ ಅತ್ತೆಯದು. ನುಡಿಸೋರಿಲ್ಲ” ಅಂದರು ಮಾರುತ್ತಿದ್ದ ಹೆಂಗಸು. ಮೂವತ್ತೈದು ಡಾಲರ್ ಕೊಟ್ಟೆ. ಚೌಕಾಸಿ ಮಾಡುವ ಮನಸ್ಸು ಬರಲಿಲ್ಲ. ‘ನುಡಿಸೋರಿಲ್ಲ’ ಅನ್ನುವ ಮಾತು ನಮ್ಮ ಮೈಸೂರಿನ ಮನೆಯ ಅಟ್ಟದ ಮೇಲೆ ಹಳೇ ಸೀರೆ ಹೊದ್ದು ಮಲಗಿರುವ ಇನ್ನೊಂದು ವಾದ್ಯವನ್ನು ನೆನಪಿಸಿಬಿಟ್ಟಿತ್ತು.

ಬಿರಡೆ ತಿರುಗಿಸುವ ಹುಡುಗ

ನನ್ನಮ್ಮ ವೀಣೆ ನುಡಿಸುತ್ತಿದ್ದರು. ದೊಡ್ಡ ಕಲಾವಿದೆ ಏನಲ್ಲ. ಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದು, ಸಂಜೆ ಹೊತ್ತು ಬೀದಿಯ ಏಳೆಂಟು ಹುಡುಗಿಯರಿಗೆ ಪಾಠ ಹೇಳಿಕೊಡುತ್ತಿದ್ದವರು. ನನಗೂ ಕಲಿಸಲು ನೋಡಿದರು. ಸರಳೆ ವರಸೆ ಮುಗಿಯುವ ಮೊದಲೇ ನಾನು ಕ್ರಿಕೆಟ್ ಬ್ಯಾಟು ಹಿಡಿದು ಓಡಿದೆ. ಆದರೆ ಒಂದು ಕೆಲಸ ಮಾತ್ರ ಖಾಯಂ ನನ್ನದಾಗಿತ್ತು, ಬಿರಡೆ ತಿರುಗಿಸೋದು.

ವೀಣೆಯ ಬಿರಡೆ ಅಂದರೆ ಮರದ ಗೂಟ, ಅಷ್ಟೇ. ಹಲ್ಲಿನ ಚಕ್ರ ಗಿಕ್ರ ಏನೂ ಇರುವುದಿಲ್ಲ. ಮರಕ್ಕೆ ಮರ ಬಿಗಿದುಕೊಂಡು ನಿಲ್ಲಬೇಕು. ಮಳೆಗಾಲದಲ್ಲಿ ಉಬ್ಬಿ ಅಲ್ಲಾಡುವುದಿಲ್ಲ, ಬೇಸಿಗೆಯಲ್ಲಿ ಒಣಗಿ ನಿಲ್ಲುವುದಿಲ್ಲ. ಅಮ್ಮ ಕೂತು ತಂತಿ ಮೀಟುತ್ತಿದ್ದರು, ನಾನು ಪಕ್ಕದಲ್ಲಿ ಮಂಡಿಯೂರಿ ಬಿರಡೆ ಒತ್ತಿ ತಿರುಗಿಸುತ್ತಿದ್ದೆ. “ಏರ್ಸು... ಇನ್ನೂ ಸ್ವಲ್ಪ... ಹಾಂ, ಜಾಸ್ತಿ ಆಯ್ತು, ಇಳ್ಸು... ಬಿಡು.” ನುಡಿಸುವ ನಾಲ್ಕು ತಂತಿ, ಪಕ್ಕದ ಮೂರು ತಾಳದ ತಂತಿ, ಒಟ್ಟು ಏಳು. ಹತ್ತು ವರ್ಷ ಈ ಕೆಲಸ ಮಾಡಿದೆ. ನುಡಿಸಲು ಬರಲಿಲ್ಲ. ಆದರೆ ಶ್ರುತಿ ಸೇರಿತೋ ಇಲ್ಲವೋ ಅನ್ನುವುದು ಮಾತ್ರ ಕಿವಿಗೆ ಅಂಟಿಕೊಂಡಿತು.

ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಅಮೆರಿಕ. ಅಮ್ಮನಿಗೆ ಬೆರಳಿನ ಗಂಟುಗಳು ಊದಲು ಶುರುವಾಯಿತು. ಸಂಧಿವಾತ. ಪಾಠ ನಿಂತಿತು, ವೀಣೆ ಅಟ್ಟ ಸೇರಿತು. ಬೆರಳು ನೋವಿನಿಂದ ನುಡಿಸೋಕಾಗ್ತಿಲ್ಲ ಅಂತ ನಾವೆಲ್ಲ ಅಂದುಕೊಂಡೆವು. ಪ್ರತಿ ಸಲ ಊರಿಗೆ ಹೋದಾಗಲೂ “ಈ ಸಲ ಮೇಳ ಕಟ್ಟಿಸಿಕೊಟ್ಟು ಹೋಗ್ತೀನಮ್ಮ” ಅನ್ನುತ್ತಿದ್ದೆ. ಮೆಟ್ಟುಗಳನ್ನು ಹಿಡಿದಿರುವ ಮೇಣ ಹಳತಾಗಿ ಬಿರುಕು ಬಿಟ್ಟಿತ್ತು. ಮೂರು ವಾರದ ರಜೆಯಲ್ಲಿ ಮದುವೆ ಮನೆ, ಬ್ಯಾಂಕು, ದೇವಸ್ಥಾನ ಎಲ್ಲವೂ ಆಗುತ್ತಿತ್ತು, ಮೇಳ ಮಾತ್ರ ಆಗುತ್ತಿರಲಿಲ್ಲ.

ಸ – ಪ – ಸ

ಮನೆಗೆ ತಂದ ಡಲ್ಸಿಮರನ್ನು ಒರೆಸಿ ಇಟ್ಟು, ಇದರ ಜಾತಕ ಏನು ಅಂತ ಓದಲು ಕೂತೆ.

ಇದು ಅಪಲಾಚಿಯನ್ ಬೆಟ್ಟಸಾಲಿನ ವಾದ್ಯ. ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಇಲ್ಲಿನ ಬೆಟ್ಟದ ಮನೆಗಳಲ್ಲಿ ಕಾಣಿಸಿಕೊಂಡಿತು. ಜರ್ಮನಿಯಿಂದ ವಲಸೆ ಬಂದವರ ‘ಶೈಟ್‌ಹೋಲ್ಟ್’ ಅನ್ನುವ ಉದ್ದನೆಯ ವಾದ್ಯ ಇದರ ಅಜ್ಜ ಅಂತ ಹೇಳುತ್ತಾರೆ. ಇಲ್ಲಿನ ನಾಟ್ ಕೌಂಟಿಯ ಜೇಮ್ಸ್ ಎಡ್ವರ್ಡ್ ಥಾಮಸ್ ಎಂಬುವರು ತಾವೇ ಮಾಡಿದ ಡಲ್ಸಿಮರ್‌ಗಳನ್ನು ಊರೂರು ತಿರುಗಿ ಮಾರುತ್ತಿದ್ದರಂತೆ. ವೈಪರ್ ಅನ್ನುವ ಪುಟ್ಟ ಊರಿನಲ್ಲಿ 1922ರಲ್ಲಿ ಹುಟ್ಟಿದ ಜೀನ್ ರಿಚಿ, ಹದಿನಾಲ್ಕು ಮಕ್ಕಳ ಮನೆಯ ಕೊನೆಯ ಮಗಳು, ಇದನ್ನು ನ್ಯೂಯಾರ್ಕ್‌ಗೆ ಕೊಂಡೊಯ್ದು ಹಾಡಿ ಹೊರ ಜಗತ್ತಿಗೆ ಪರಿಚಯಿಸಿದರು. 2001ರಲ್ಲಿ ಕೆಂಟಕಿ ಇದನ್ನು ತನ್ನ ರಾಜ್ಯವಾದ್ಯ ಅಂತ ಘೋಷಿಸಿತು. ಇಷ್ಟು ವರ್ಷ ಇದೇ ರಾಜ್ಯದಲ್ಲಿದ್ದು ನನಗೆ ಗೊತ್ತಿದ್ದದ್ದು ಕುದುರೆ ರೇಸು, ಫ್ರೈಡ್ ಚಿಕನ್ ಎರಡೇ!

ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುತ್ತಾರೆ. ಸಾಮಾನ್ಯವಾಗಿ ಮೂರು ತಂತಿ, ಇಲ್ಲವೇ ನಾಲ್ಕು. ನಮ್ಮ ಕಡೆಗಿರುವ ತಂತಿಯಲ್ಲಿ ಹಾಡು, ಉಳಿದವು ಸುಮ್ಮನೆ ಒಂದೇ ಸ್ವರ ಗುಂಯ್‌ಗುಡುತ್ತಾ ಇರುತ್ತವೆ. ಹಳೇ ಕ್ರಮದಲ್ಲಿ ಬೆರಳಿಂದ ಒತ್ತುವುದೂ ಇಲ್ಲ. ‘ನೋಟರ್’ ಅನ್ನುವ ಸಣ್ಣ ಕೋಲನ್ನು ತಂತಿಯ ಮೇಲೆ ಜಾರಿಸುತ್ತಾ ಹೋಗುವುದು, ಬಲಗೈಯಲ್ಲಿ ಹಕ್ಕಿಯ ಗರಿ ಹಿಡಿದು ಮೀಟುವುದು.

ಶ್ರುತಿ ಮಾಡುವ ಕ್ರಮ ಓದುತ್ತಿದ್ದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಇವತ್ತು ಹೆಚ್ಚು ಬಳಕೆಯಲ್ಲಿರುವುದು ಡಿ–ಎ–ಡಿ. ಮಂದ್ರದ ತಂತಿ ಡಿ, ನಡುವಿನದು ಎ, ಹಾಡಿನ ತಂತಿ ಮೇಲಿನ ಡಿ. ಡಿ ಸ್ವರವನ್ನು ಷಡ್ಜ ಅಂದುಕೊಳ್ಳಿ. ಎ ಅದರ ಪಂಚಮ. ಅಂದರೆ ಸ–ಪ–ಸ! ನಾನು ಹತ್ತು ವರ್ಷ ಬಿರಡೆ ತಿರುಗಿಸಿ ಸೇರಿಸಿದ್ದು ಇದನ್ನೇ.

ಏಪ್ರಿಲ್ ಕೊನೆಗೆ ಅಮ್ಮ ಬರುವವರಿದ್ದರು, ಐದು ತಿಂಗಳಿಗೆ. ಅಷ್ಟರಲ್ಲಿ ಇದನ್ನು ಸಿದ್ಧ ಮಾಡಿ, ಅವರ ಮುಂದಿಟ್ಟು ಬೆರಗು ಮಾಡಬೇಕು ಅಂತ ತೀರ್ಮಾನಿಸಿದೆ.

ಬಿರಡೆ ಇದೆ ಅಂತ ತಂತಿ

ಆರು ಬಿರಡೆ ಇದ್ದರೆ ಏನೇನು ಮಾಡಬಹುದು? ನಿಮಗೂ ಯಾವತ್ತಾದರೂ ಹೀಗೊಂದು ವಾದ್ಯ ಸಿಕ್ಕರೆ ಬೇಕಾಗಬಹುದು, ಹೇಳುತ್ತೇನೆ ಕೇಳಿ.

ಮೂರೇ ತಂತಿ ಹಾಕಿ ಸುಮ್ಮನಿರಬಹುದು. ನಾಲ್ಕು ಹಾಕುವುದಾದರೆ ಹಾಡಿನ ತಂತಿಯನ್ನು ಜೋಡಿ ಮಾಡುವುದು ರೂಢಿ. ಒಂದೇ ಸ್ವರದ ಎರಡು ತಂತಿ ಅಕ್ಕಪಕ್ಕ, ಒಟ್ಟಿಗೇ ಒತ್ತುವುದು. ಹಾಡು ಗಟ್ಟಿಯಾಗಿ ಕೇಳುತ್ತದೆ. ಅಥವಾ ನಾಲ್ಕನ್ನೂ ಸಮ ದೂರದಲ್ಲಿ ಹಾಕಿ ಗಿಟಾರಿನ ಹಾಗೆ ಬೇರೆ ಬೇರೆ ಒತ್ತಬಹುದು. ಐದು ಅಂದರೆ ಹಾಡಿನದೊಂದು ಜೋಡಿ, ಮಂದ್ರದ್ದೊಂದು ಜೋಡಿ, ನಡುವೆ ಒಂಟಿ ಪಂಚಮ. ಆರು ಅಂದರೆ ಮೂರೂ ಜೋಡಿ. ಜೋಡಿಯಲ್ಲೂ ಎರಡು ಬಗೆ. ಎರಡೂ ಒಂದೇ ಸ್ಥಾಯಿ, ಇಲ್ಲವೇ ಹನ್ನೆರಡು ತಂತಿಯ ಗಿಟಾರಿನಂತೆ ಒಂದು ಕೆಳಗಿನದು, ಇನ್ನೊಂದು ಒಂದು ಸ್ಥಾಯಿ ಮೇಲಿನದು.

ತಂತಿಯ ಎರಡೂ ಕೊನೆಯಲ್ಲಿ ಅದನ್ನು ಹೊತ್ತಿರುವ ಮೂಳೆಯ ಪಟ್ಟಿಗಳಲ್ಲಿ ಗೀರುಗಳಿರುತ್ತವೆ. ನನ್ನದರಲ್ಲಿ ಆರೂ ತಂತಿಗೆ ಗೀರು ಇತ್ತು. ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳುವ ಸ್ವಾತಂತ್ರ್ಯ. ಸ್ವಾತಂತ್ರ್ಯ ಸಿಕ್ಕಾಗ ನಾವೇನು ಮಾಡುತ್ತೇವೆ? ಎಲ್ಲವನ್ನೂ ಬಾಚಿಕೊಳ್ಳುತ್ತೇವೆ. ನಾನೂ ಆರನ್ನೂ ಹಾಕಬೇಕು, ಮೂರೂ ಜೋಡಿಗೆ ಸ್ಥಾಯಿ ವ್ಯತ್ಯಾಸ ಕೊಡಬೇಕು, ಮನೆ ತುಂಬ ನಾದ ಹರಿಯಬೇಕು ಅಂತ ಹೊರಟೆ.

ಮೊದಲು ಮಂದ್ರ ಡಿ. ಅದಕ್ಕೆ ಮೈಗೆ ಇನ್ನೊಂದು ತಂತಿ ಸುತ್ತಿದ 0.024 ಇಂಚಿನ ದಪ್ಪ ತಂತಿ, ಜೊತೆಗೆ ಮೇಲಿನ ಡಿಗೆ 0.012ರ ಬರಿ ಉಕ್ಕಿನ ತಂತಿ. ಚೆನ್ನಾಗಿ ನಿಂತವು. ನಡುವಿನ ಎ ಸ್ವರಕ್ಕೆ 0.014. ಅದರ ಜೋಡಿಯಾಗಿ ಒಂದು ಸ್ಥಾಯಿ ಮೇಲಿನ ಎ ಬೇಕಲ್ಲ? ಅಂಗಡಿಯಲ್ಲಿ ಸಿಕ್ಕಿದ್ದರಲ್ಲೇ ಸಣ್ಣದು, 0.008 ಹಾಕಿ ತಿರುಗಿಸುತ್ತಾ ಹೋದೆ. ಎಫ್ ದಾಟಿತು, ಜಿ ಹತ್ತಿರ ಬಂತು, ಇನ್ನೊಂದು ಸುತ್ತು ಅನ್ನುವಷ್ಟರಲ್ಲಿ ‘ಟಪ್’ ಅಂತ ತುಂಡಾಗಿ ಕೆನ್ನೆಗೆ ಹೊಡೆಯಿತು. ಇನ್ನೊಂದು ಹಾಕಿದೆ. ಅದೂ ಹಾಗೇ. ಇದು ಸಣ್ಣದಾಯ್ತು, ದಪ್ಪ ಹಾಕಿದರೆ ತಡೆಯುತ್ತೆ ಅಂತ 0.010 ಹಾಕಿದೆ. ಅದೂ ಅಲ್ಲೇ ಎಲ್ಲೋ ತುಂಡಾಯಿತು.

ಇದರ ಹಿಂದೊಂದು ಲೆಕ್ಕವಿದೆ, ನನಗೆ ಆಮೇಲೆ ಹೊಳೆದದ್ದು. ತಂತಿ ದಪ್ಪ ಆದಷ್ಟೂ ಗಟ್ಟಿ, ನಿಜ. ಆದರೆ ದಪ್ಪ ಆದಷ್ಟೂ ಭಾರ, ಭಾರ ಆದಷ್ಟೂ ಅದೇ ಸ್ವರಕ್ಕೆ ಹೆಚ್ಚು ಎಳೆಯಬೇಕು. ಎರಡೂ ವಜಾ. ಹಾಗಾಗಿ ಒಂದು ಉಕ್ಕಿನ ತಂತಿ ಯಾವ ಸ್ವರದಲ್ಲಿ ತುಂಡಾಗುತ್ತೆ ಅನ್ನುವುದು ಹೆಚ್ಚುಕಡಿಮೆ ಅದರ ಉದ್ದವನ್ನು ಅವಲಂಬಿಸಿರುತ್ತೆಯೇ ಹೊರತು ದಪ್ಪವನ್ನಲ್ಲ. ನನ್ನ ಡಲ್ಸಿಮರಿನಲ್ಲಿ ಮೀಟುವ ತಂತಿಯ ಉದ್ದ ಇಪ್ಪತ್ತೇಳೂವರೆ ಇಂಚು. ಅಷ್ಟು ಉದ್ದಕ್ಕೆ 440 ಹರ್ಟ್ಸ್‌ನ ಎ ಸ್ವರ ಮಾಮೂಲಿ ಉಕ್ಕಿನ ತಂತಿಗೆ ಮಿತಿ ಮೀರಿದ್ದು. ಅದನ್ನು ಕಲಿಯಲು ನನಗೆ ಮೂರು ತಂತಿ, ಒಂದು ಕೆನ್ನೆ ಖರ್ಚಾಯಿತು.

ಹಾಗಾಗಿ ಪಂಚಮದ ಜೋಡಿಯನ್ನು ಒಂದೇ ಸ್ಥಾಯಿಯಲ್ಲಿ ಸೇರಿಸಿದೆ. ಹಾಡಿನ ಜೋಡಿ ಎರಡೂ 0.012. ಆರೂ ತಂತಿ ಬಿಗಿದ ಮೇಲೆ ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಒಂದೊಂದು ತಂತಿ ಏಳೂವರೆಯಿಂದ ಹತ್ತು ಕಿಲೋ ತೂಕದಷ್ಟು ಎಳೆಯುತ್ತಿತ್ತು. ಮೂರು ತಂತಿಯಾಗಿದ್ದರೆ ಒಟ್ಟು ಇಪ್ಪತ್ತೈದು ಕಿಲೋ ಚಿಲ್ಲರೆ. ಈಗ ಐವತ್ತೆರಡರ ಹತ್ತಿರ. ಒಂದು ಅಕ್ಕಿ ಮೂಟೆಯ ಭಾರ, ನಲವತ್ತು ದಾಟಿದ ತೆಳು ಮರದ ಪೆಟ್ಟಿಗೆಯ ಮೇಲೆ. ಆದರೂ ಗರಿಯ ಬದಲು ಪ್ಲಾಸ್ಟಿಕ್ ಮೀಟುಗೋಲಿನಿಂದ ಒಮ್ಮೆ ಎಳೆದಾಗ ಬಂದ ನಾದ ಇದೆಯಲ್ಲ, ಅಡುಗೆಮನೆಯಲ್ಲಿದ್ದ ಹೆಂಡತಿ ಒಗ್ಗರಣೆ ಬಿಟ್ಟು ಬಂದು ನಿಂತಳು. ನಾನು ಗೆದ್ದೆ ಅಂದುಕೊಂಡೆ.

ಕೂದಲೆಳೆಯಷ್ಟು

ಅಮ್ಮ ಬಂದರು. ಎರಡು ದಿನ ನಿದ್ದೆ, ಮೊಮ್ಮಗಳ ಜೊತೆ ಆಟ, ಉಪ್ಪಿನಕಾಯಿ ಡಬ್ಬಿ ಸೋರಿದೆಯಾ ಅನ್ನುವ ತಪಾಸಣೆ ಎಲ್ಲ ಮುಗಿದ ಮೇಲೆ ಡಲ್ಸಿಮರ್ ತಂದು ತೊಡೆಯ ಮೇಲಿಟ್ಟೆ. ಫೋನಿನ ಆ್ಯಪ್ ನೋಡಿ ಆರನ್ನೂ ಹಸಿರು ಗೀಟಿಗೆ ಸರಿಯಾಗಿ ನಿಲ್ಲಿಸಿದ್ದೆ.

ಅಮ್ಮ ಒಂದು ಸಲ ಮೀಟಿದರು. ತಲೆ ಓರೆ ಮಾಡಿ ಕೇಳಿದರು. “ಪಂಚಮ ಕೂದಲೆಳೆಯಷ್ಟು ಕಮ್ಮಿ ಇದೆ ಕಣೋ.”

“ಇಲ್ಲಮ್ಮ, ಆ್ಯಪ್ ನೋಡು, ಸೊನ್ನೆ ತೋರಿಸ್ತಿದೆ.”

“ಆ್ಯಪಿಗೆ ಕಿವಿ ಇದೆಯಾ? ಕೇಳು. ಉಯ್ಯಾಲೆ ಆಡ್ತಾ ಇದೆ.”

ಕೇಳಿದೆ. ನಿಜ, ನಾದ ಬಹಳ ನಿಧಾನಕ್ಕೆ ಉಬ್ಬಿ ಇಳಿಯುತ್ತಿತ್ತು, ಎರಡು ಸೆಕೆಂಡಿಗೊಮ್ಮೆ. ಆ ರಾತ್ರಿ ಕೂತು ಲೆಕ್ಕ ಹಾಕಿದರೆ ಅಮ್ಮನದೇ ಸರಿ. ಆ್ಯಪ್ ತೋರಿಸುವುದು ಪಿಯಾನೋದ ಸ್ವರಸ್ಥಾನ. ಅಲ್ಲಿ ಹನ್ನೆರಡೂ ಸ್ವರಗಳನ್ನು ಸಮವಾಗಿ ಹಂಚಿರುವುದರಿಂದ ಪಂಚಮ ಅಸಲಿ ಪಂಚಮಕ್ಕಿಂತ ಒಂದು ಅರೆಸ್ವರದ ನೂರರಲ್ಲಿ ಎರಡು ಪಾಲು ಕಡಿಮೆ. ಪಿಯಾನೋದಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಆದರೆ ಸ–ಪ ಎರಡೂ ನಿರಂತರ ಮೊಳಗುವ ವಾದ್ಯದಲ್ಲಿ ಉಯ್ಯಾಲೆಯಾಗಿ ಕೇಳುತ್ತದೆ. ಆ್ಯಪ್ ನೋಡಿ ಷಡ್ಜ ಸೇರಿಸಿ, ಪಂಚಮವನ್ನು ಕಿವಿಯಲ್ಲೇ ಸೇರಿಸಬೇಕು. ಅಂದಿನಿಂದ ನಾನು ಹಾಗೇ ಮಾಡುತ್ತಿದ್ದೇನೆ.

ಅಷ್ಟು ಚಂದದ ಕಿವಿ. ಆದರೆ ಎಡಗೈ ಹಾಡಿನ ಜೋಡಿಯ ಮೇಲೆ ಹೋದಾಗ ಮುಖ ಬದಲಾಯಿತು. ತೋರುಬೆರಳಿನಿಂದ ಒತ್ತಿದರು. ಎರಡರಲ್ಲಿ ಒಂದು ತಂತಿ ಮಾತ್ರ ಮೆಟ್ಟಿಗೆ ತಾಗಿತು, ಇನ್ನೊಂದು ‘ಜರ್’ ಅಂದಿತು. ಇನ್ನೂ ಒತ್ತಿದರು. ಗಮಕಕ್ಕೆಂದು ತಂತಿಯನ್ನು ಪಕ್ಕಕ್ಕೆ ಎಳೆಯಲು ನೋಡಿದರು. ಬಿಗಿದ ಎರಡು ತಂತಿ ಒಟ್ಟಿಗೆ ಎಲ್ಲಿ ಬಗ್ಗುತ್ತವೆ? ಬಗ್ಗಿದ ಒಂದು ಬೇರೆ ಸ್ವರ, ಬಗ್ಗದ ಇನ್ನೊಂದು ಬೇರೆ ಸ್ವರ. ಅಮ್ಮ ಕೈ ತೆಗೆದು, ಸೆರಗಿನೊಳಗೆ ಬೆರಳು ಅದುಮಿ ಹಿಡಿದುಕೊಂಡರು.

“ಚೆನ್ನಾಗಿದೆ. ನೀನೇ ಕಲಿ” ಅಂದು ಎದ್ದು ಹೋದರು.

ಆಮೇಲೆ ಎರಡು ವಾರ ಡಲ್ಸಿಮರ್ ಸೋಫಾದ ಮೇಲೇ ಇತ್ತು. ಅಮ್ಮ ಅದರ ಪಕ್ಕ ಕೂತು ಟೀವಿ ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಅವರಿಗೆ ಆಗದ್ದನ್ನು ಆಗದು ಅಂತ ಇನ್ನೊಂದು ಸಲ ತೋರಿಸಿಕೊಟ್ಟೆನಲ್ಲ ಅನ್ನುವುದು ನನ್ನನ್ನು ಕೊರೆಯುತ್ತಿತ್ತು. ಬೆರಗು ಮಾಡಲು ಹೋಗಿ ಬೇಸರ ತಂದಿದ್ದೆ.

“ಯಾರು ಹೇಳಿದ್ರು?”

ಮೇ ತಿಂಗಳಲ್ಲಿ ಒಂದು ದಿನ ಅಮ್ಮನನ್ನು ಬೆರಿಯಾಕ್ಕೆ ಕರೆದುಕೊಂಡು ಹೋದೆ. ಲೆಕ್ಸಿಂಗ್ಟನ್‌ನಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿ. ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು, ಮರದ ಕೆಲಸದವರು ತುಂಬಿರುವ ಊರು. ಜೀನ್ ರಿಚಿ 2015ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಂದು ಅಂಗಡಿಯ ಗೋಡೆಯ ತುಂಬ ಡಲ್ಸಿಮರ್ ನೇತುಹಾಕಿದ್ದರು. ವಾಲ್ನಟ್, ಚೆರ್ರಿ ಮರದವು. ಅಮ್ಮ ಒಂದೊಂದನ್ನೂ ಬೆರಳಿನಿಂದ ತಟ್ಟಿ ನಾದ ಕೇಳುತ್ತಾ ಹೋದರು, ತರಕಾರಿ ಅಂಗಡಿಯಲ್ಲಿ ತೆಂಗಿನಕಾಯಿ ನೋಡುವ ಹಾಗೆ.

ಅಂಗಡಿಯ ಅಜ್ಜ ಒಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನುಡಿಸಿ ತೋರಿಸಿದ. ಎಡಗೈಯಲ್ಲಿ ಬೆರಳುದ್ದದ ಮರದ ಕೋಲು. ಅದನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಮೇಲಿಟ್ಟು, ಒಂದೇ ತಂತಿಯ ಮೇಲೆ ಹಿಂದೆ ಮುಂದೆ ಜಾರಿಸುತ್ತಿದ್ದ. ಬೆರಳ ತುದಿಗೆ ಕೆಲಸವೇ ಇಲ್ಲ. ಅಮ್ಮ ನೋಡುತ್ತಲೇ ಇದ್ದರು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಕೇಳಿದರು, “ಅವನದ್ದರಲ್ಲಿ ಮೂರೇ ತಂತಿ ಇತ್ತು. ನಿಂದ್ರಲ್ಲಿ ಯಾಕೆ ಆರು?”

“ಆರು ಬಿರಡೆ ಇದ್ವಲ್ಲಮ್ಮ.”

“ಇರೋ ಬಿರಡೆಗೆಲ್ಲ ತಂತಿ ಹಾಕ್ಬೇಕು ಅಂತ ಯಾರು ಹೇಳಿದ್ರು?”

ಉತ್ತರ ಇರಲಿಲ್ಲ. ಅವತ್ತು ಸಂಜೆಯೇ ಆರನ್ನೂ ಬಿಚ್ಚಿದೆ.

ಈ ಸಲ ಯಜಮಾನಿಕೆ ಅಮ್ಮನದು. ಹಾಡಿಗೆ ಒಂಟಿ ತಂತಿ, ಅದೂ 0.010ರ ಸಣ್ಣದು. 0.012ಕ್ಕೆ ಹೋಲಿಸಿದರೆ ಬಿಗಿತ ಮೂರರಲ್ಲೊಂದು ಪಾಲು ಕಡಿಮೆ. ಹತ್ತು ಕಿಲೋ ಎಳೆತ ಇದ್ದದ್ದು ಏಳಕ್ಕಿಂತ ಕಡಿಮೆಯಾಯಿತು. ನಡುವೆ ಒಂದೇ ಪಂಚಮ, 0.012. ಮಂದ್ರಕ್ಕೆ 0.022ರ ಸುತ್ತಿದ ತಂತಿ. “ಮಂದ್ರದ ಜೊತೆ ಮೇಲಿನ ಸ ಒಂದು ಹಾಕಿದ್ದೆಯಲ್ಲ, ಅದು ಇರ್ಲಿ. ತಾಳದ ತಂತಿ ಥರ ಮಿಣಮಿಣ ಅಂತಿತ್ತು” ಅಂದರು. ಅದನ್ನೂ 0.010 ಹಾಕಿದೆ. ಒಟ್ಟು ನಾಲ್ಕು. ಎಳೆತ ಐವತ್ತೆರಡು ಕಿಲೋದಿಂದ ಸುಮಾರು ಇಪ್ಪತ್ತಾರಕ್ಕೆ ಬಂದಿತು. ತಂತಿಗಳು ಮೆಟ್ಟಿಗೆ ಇನ್ನಷ್ಟು ಹತ್ತಿರ ಕೂತವು. ನಾದ ಸ್ವಲ್ಪ ಸಣ್ಣದಾಯಿತು ನಿಜ, ಆದರೆ ನಮ್ಮ ಹಾಲ್‌ಗೆ ಅಷ್ಟು ಸಾಕು.

ನಾಲ್ಕನ್ನೂ ಶ್ರುತಿ ಮಾಡಿ ಅಮ್ಮ ಒಂದೊಂದಾಗಿ ಮೀಟಿದರು. ಪ... ಸ... ಸ... ಕೆಳಗಿನ ಸ. ನಿಲ್ಲಿಸಿ ನನ್ನ ಮುಖ ನೋಡಿದರು. “ಇದು ತಂಬೂರಿನೇ ಅಲ್ವೇನೋ!”

ಹೌದಲ್ಲ! ನಮ್ಮ ತಂಬೂರಿಯ ನಾಲ್ಕು ತಂತಿಯೂ ಅದೇ, ಪಂಚಮ, ಸಾರಣೆಯ ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ಕೂತಿರುವ ಸಾಲು ಬೇರೆ, ಮನೆಮಂದಿ ಅವರೇ.

ಕೋಲಿನ ಬದಲಿಗೆ ನಾನು ಒಂದು ಹಳೇ ಚಾಪ್‌ಸ್ಟಿಕ್ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ಹಿಡಿಯಲು ದಪ್ಪ ಆಗಲಿ ಅಂತ ಬಟ್ಟೆ ಸುತ್ತಿಕೊಟ್ಟೆ. ಅಮ್ಮ ಮುಷ್ಟಿಯಲ್ಲಿ ಹಿಡಿದು ಜಾರಿಸಿದರು. ಮೆಟ್ಟುಗಳ ಮೇಲೆ ತಡವರಿಸುತ್ತಾ ಸ್ವರಗಳು ಒಂದರ ಹಿಂದೊಂದು ಬಂದವು. ಏರಿದವು, ಇಳಿದವು. “ನಿಷಾದ ಕೈಶಿಕಿ. ಹರಿಕಾಂಭೋಜಿ ಇದು” ಅಂದರು, ತರಗತಿಯಲ್ಲಿ ಲೆಕ್ಕ ಬಿಡಿಸಿದ ಧ್ವನಿಯಲ್ಲಿ.

ಮೆಟ್ಟು ಅದೇ, ಮೇಳ ಬೇರೆ

ಡಲ್ಸಿಮರಿನ ಮೆಟ್ಟುಗಳು ವೀಣೆಯ ಹಾಗೆ ಹನ್ನೆರಡು ಸ್ವರಕ್ಕೂ ಇರುವುದಿಲ್ಲ. ಏಳೇ ಸ್ವರ, ನಡುವಿನವು ಇಲ್ಲ. ಹಾಗಾದರೆ ಒಂದೇ ರಾಗ ನುಡಿಸಬೇಕಾ? ಇಲ್ಲಿನ ಬೆಟ್ಟದ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮಂದ್ರ ಮತ್ತು ಪಂಚಮವನ್ನು ಹಾಗೇ ಬಿಟ್ಟು, ಹಾಡಿನ ತಂತಿಯನ್ನು ಮಾತ್ರ ಬೇರೆ ಸ್ವರಕ್ಕೆ ಶ್ರುತಿ ಮಾಡುತ್ತಾರೆ. ಆಗ ಷಡ್ಜ ಬೇರೆ ಮೆಟ್ಟಿನ ಮೇಲೆ ಬರುತ್ತದೆ, ಅಲ್ಲಿಂದ ಎಣಿಸಿದರೆ ಮೇಳವೇ ಬೇರೆ.

ಅಮ್ಮ ಇದನ್ನು ಕೇಳಿದ್ದೇ ತಡ, “ಗ್ರಹಭೇದ!” ಅಂದರು. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಇದೇ ಹಬ್ಬ. ಹಾಡಿನ ತಂತಿ ಡಿ ಇದ್ದರೆ ತೆರೆದ ತಂತಿಯೇ ಷಡ್ಜ, ಬರುವುದು 28ನೇ ಮೇಳ ಹರಿಕಾಂಭೋಜಿ. ಸಿಗೆ ಇಳಿಸಿದರೆ ಮೊದಲ ಮೆಟ್ಟು ಷಡ್ಜ, 20ನೇ ಮೇಳ ನಟಭೈರವಿ. ಎಗೆ ಇಳಿಸಿದರೆ ಮೂರನೇ ಮೆಟ್ಟು ಷಡ್ಜ, 29ನೇ ಮೇಳ ಧೀರಶಂಕರಾಭರಣ. ಜಿಗೆ ಇಟ್ಟರೆ ನಾಲ್ಕನೆಯದು, 22ನೇ ಮೇಳ ಖರಹರಪ್ರಿಯ. ಇತ್ತೀಚಿನ ವಾದ್ಯಗಳಲ್ಲಿ ಆರು ಮತ್ತು ಏಳನೇ ಮೆಟ್ಟಿನ ನಡುವೆ ಒಂದು ಹೆಚ್ಚುವರಿ ಮೆಟ್ಟು ಕೂರಿಸಿರುತ್ತಾರೆ, ‘ಆರೂವರೆ’ ಅನ್ನುತ್ತಾರೆ ಅದನ್ನು. ನಮ್ಮದರಲ್ಲೂ ಇದೆ. ಅದರಿಂದ ಕಾಕಲಿ ನಿಷಾದ ಸಿಕ್ಕಿ, ಶ್ರುತಿ ಬದಲಿಸದೆಯೇ ಶಂಕರಾಭರಣ ಬರುತ್ತದೆ. ಅಮ್ಮ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಹಾಕಿ, ಗೀಟು ಎಳೆದು ಬರೆದಿಟ್ಟರು. ಗಣಿತದ ಮೇಷ್ಟರಲ್ಲವೇ!

ಒಂದು ಸಣ್ಣ ತೊಡಕು ಬಂತು. ಡಿಗೆ ಅಂತ ಹಾಕಿದ 0.010ರ ತಂತಿಯನ್ನು ಎ ತನಕ ಇಳಿಸಿದರೆ ಸಡಿಲವಾಗಿ ಮೆಟ್ಟಿಗೆ ಬಡಿದು ಪಿಟಿಪಿಟಿ ಅನ್ನುತ್ತಿತ್ತು. ಅಲ್ಲಿಗೆ ದಪ್ಪ ತಂತಿ ಬೇಕು. ಖಾಲಿ ಬಿರಡೆಗೆ ಇನ್ನೊಂದು ಹಾಕಲಾ ಅಂತ ಕೇಳಿದೆ. “ಬೇಡ. ಶಂಕರಾಭರಣಕ್ಕೆ ಆರೂವರೆ ಇದೆಯಲ್ಲ” ಅಂದರು ಅಮ್ಮ. ಎರಡು ಬಿರಡೆ ಖಾಲಿಯೇ ಉಳಿದವು.

ಬೆರಳಲ್ಲ, ಬಿರಡೆ

ಅಮ್ಮ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಅರ್ಧ ಗಂಟೆ ಕೂರಲು ಶುರು ಮಾಡಿದರು. ಒಂದು ದಿನ ಆಫೀಸ್ ಮೀಟಿಂಗಿನಲ್ಲಿದ್ದಾಗ ಪಕ್ಕದ ರೂಮಿನಿಂದ ಶ್ರುತಿ ಮಾಡುವ ಸದ್ದು ಕೇಳಿಸಿತು. ತಂತಿ ಏರಿತು, ದಾಟಿತು, ಇಳಿಯಿತು, ಸೇರಿತು. ಯಾರ ಸಹಾಯವೂ ಇಲ್ಲದೆ. ಡಲ್ಸಿಮರಿನ ಬಿರಡೆಗಳು ಗಿಟಾರಿನವು, ಒಳಗೆ ಹಲ್ಲಿನ ಚಕ್ರ ಇರುತ್ತದೆ. ಎರಡು ಬೆರಳಲ್ಲಿ ಬಾಟಲಿ ಮುಚ್ಚಳ ತಿರುಗಿಸಿದಷ್ಟು ಹಗುರ.

ಮೀಟಿಂಗ್ ಮುಗಿಸಿ ಬಂದು ಸುಮ್ಮನೆ ಅಂದೆ, “ಬೆರಳು ನೋವು ಕಮ್ಮಿ ಆಗಿದೆ ಅನ್ಸುತ್ತೆ. ವೀಣೆನೂ ಇಳಿಸ್ಬಹುದೇನೋ.”

ಅಮ್ಮ ಕೋಲು ಕೆಳಗಿಟ್ಟರು. “ವೀಣೆ ಬಿಟ್ಟಿದ್ದು ಬೆರಳು ನೋವಿಗೆ ಅಲ್ಲ ಕಣೋ. ಮೆಟ್ಟು ಒತ್ತೋಕೆ ಹೇಗೋ ಆಗ್ತಿತ್ತು. ಬಿರಡೆ ತಿರುಗಿಸೋಕೆ ಆಗ್ತಿರ್ಲಿಲ್ಲ. ನೀನು ಹೋದ್ಮೇಲೆ ಆ ಹುಡುಗೀರ ಕೈಲಿ ಸ್ವಲ್ಪ ದಿನ ತಿರುಗಿಸ್ಕೊಂಡೆ. ಆಮೇಲೆ ಅವರೂ ಮದುವೆ, ಕೆಲಸ ಅಂತ ಹೋದ್ರು. ದಿನಾ ಪಕ್ಕದ ಮನೆಯೋರನ್ನ ಕರೆಯೋಕಾಗುತ್ತಾ? ಶ್ರುತಿ ಸೇರದ ವೀಣೆ ನುಡಿಸೋದಕ್ಕಿಂತ ಸುಮ್ನಿರೋದು ವಾಸಿ.”

ದೂರಿದ ಹಾಗೇನೂ ಇರಲಿಲ್ಲ ಆ ಮಾತು. ಹಾಲು ಬರಲಿಲ್ಲ, ಕಾಫಿ ಮಾಡಲಿಲ್ಲ ಅನ್ನುವಷ್ಟೇ ಸಹಜವಾಗಿತ್ತು. ನನಗೆ ಮಾತ್ರ ಆ ಹೊತ್ತು ಏನು ಹೇಳಬೇಕೋ ತೋಚಲಿಲ್ಲ. ಎಷ್ಟು ವರ್ಷ ನಾನು ಫೋನಿನಲ್ಲಿ ಕೇಳುತ್ತಿದ್ದದ್ದು “ಬೆರಳು ಹೇಗಿದೆ, ಮಾತ್ರೆ ತಗೊಂಡ್ಯಾ?” ಅಂತ. ವೀಣೆ ಯಾಕೆ ಬಿಟ್ಟೆ ಅಂತ ಒಂದು ಸಲವೂ ಕೇಳಿರಲಿಲ್ಲ. ಉತ್ತರ ಗೊತ್ತಿದೆ ಅಂದುಕೊಂಡಿದ್ದೆ.

ವೀಣೆಗೂ ಈಗ ಗಿಟಾರಿನಂಥ ಚಕ್ರದ ಬಿರಡೆ ಕೂರಿಸುತ್ತಾರೆ. ಎಷ್ಟೋ ವೈಣಿಕರು ಹಾಕಿಸಿಕೊಂಡಿದ್ದಾರೆ. ಇದು ನನಗೆ ಹೊಸ ವಿಷಯವೇನಲ್ಲ, ಎಲ್ಲೋ ನೋಡಿದ್ದೆ. ಅಮ್ಮನ ವೀಣೆಗೂ ಇದಕ್ಕೂ ಸಂಬಂಧ ಕಲ್ಪಿಸಿಕೊಂಡಿರಲಿಲ್ಲ, ಅಷ್ಟೇ. ಅವತ್ತೇ ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. “ಅಟ್ಟದಿಂದ ವೀಣೆ ಇಳಿಸು. ಬಿರಡೆ ಬದಲಾಯಿಸ್ಬೇಕು, ಮೇಳ ಕಟ್ಟಿಸ್ಬೇಕು. ಖರ್ಚು ಎಷ್ಟಾದ್ರೂ ಸರಿ, ಸೆಪ್ಟೆಂಬರ್ ಹೊತ್ತಿಗೆ ಆಗ್ಬೇಕು.”

“ಇಷ್ಟು ದಿನ ಇಲ್ಲದ ಅರ್ಜೆಂಟು ಈಗೇನಣ್ಣ?” ಅಂದ ಅವನು. ನ್ಯಾಯವಾದ ಪ್ರಶ್ನೆ.

ಅಮ್ಮನಿಗೆ ವಿಷಯ ಹೇಳಿದಾಗ ಮೊದಲು ರೇಗಿದರು. “ಮರದ ಬಿರಡೆ ತೆಗೆದು ಕಬ್ಬಿಣ ಹಾಕಿಸ್ತೀಯಾ? ನಮ್ಮಪ್ಪ ಕೊಡಿಸಿದ್ದು ಅದು.” ಮಾರನೇ ದಿನ ಕಾಫಿ ಹೊತ್ತಿಗೆ ಅವರೇ ಮಾತು ತೆಗೆದರು. “ಹಳೇ ಬಿರಡೆ ಏಳೂ ಎಸೀಬಾರ್ದು ಅಂತ ಹೇಳು. ಬಟ್ಟೇಲಿ ಕಟ್ಟಿಡ್ಲಿ.”

ಸೆಪ್ಟೆಂಬರ್ ಕೊನೆಗೆ ಅಮ್ಮ ಹೊರಟರು. ಡಲ್ಸಿಮರ್ ತಗೊಂಡು ಹೋಗು ಅಂದರೆ ಒಪ್ಪಲಿಲ್ಲ. “ನನಗೆ ಅಲ್ಲಿ ಇದೆ. ಇದು ನೀನು ಕಲಿ” ಅಂದರು. ಮೊದಲ ಸಲ ಹೇಳಿದ ‘ನೀನೇ ಕಲಿ’ಗೂ ಇದಕ್ಕೂ ಒಂದು ಸ್ಥಾಯಿಯ ವ್ಯತ್ಯಾಸ ಇತ್ತು. ಬಟ್ಟೆ ಸುತ್ತಿದ ಚಾಪ್‌ಸ್ಟಿಕ್ ಮಾತ್ರ ಅವರ ಹ್ಯಾಂಡ್‌ಬ್ಯಾಗ್ ಸೇರಿತು.

ಈಗ ಭಾನುವಾರ ರಾತ್ರಿ, ಮೈಸೂರಿನಲ್ಲಿ ಸೋಮವಾರ ಬೆಳಿಗ್ಗೆ, ವೀಡಿಯೋ ಕಾಲ್ ಮಾಡುತ್ತೇವೆ. ಅಮ್ಮ ವೀಣೆ ಮುಂದಿಟ್ಟುಕೊಂಡು ಶ್ರುತಿ ಮಾಡುತ್ತಾರೆ. ಏಳೂ ತಂತಿ, ತಾವೇ. ನಾನು ಇಲ್ಲಿ ಡಲ್ಸಿಮರ್ ಇಟ್ಟುಕೊಂಡು ಸುಮ್ಮನೆ ಕೇಳುತ್ತಿರುತ್ತೇನೆ. ಫೋನಿನಲ್ಲಿ ನಾದ ಅರ್ಧ ಬರುತ್ತದೆ, ಅರ್ಧ ಕತ್ತರಿಸಿಹೋಗುತ್ತದೆ. ಇಬ್ಬರೂ ಒಟ್ಟಿಗೆ ನುಡಿಸೋಕಂತೂ ಆಗುವುದೇ ಇಲ್ಲ, ಒಂದು ಕ್ಷಣ ಹಿಂದೆ ಬೀಳುತ್ತದೆ. ಬೆರಳು ಮೊದಲಿನ ಹಾಗೆ ಓಡುವುದಿಲ್ಲ, ಹತ್ತು ನಿಮಿಷಕ್ಕೆ ನಿಲ್ಲಿಸುತ್ತಾರೆ. ಆದರೆ ಶುರು ಮಾಡುವ ಮುಂಚೆ ಪ್ರತಿ ಸಲ ಒಂದು ಸಲ ಸ–ಪ ಮೀಟಿ ಕೇಳುತ್ತಾರೆ, “ಸರಿ ಇದೆಯೇನೋ?”

ಅವರ ಕಿವಿಗೆ ನನ್ನ ಅಪ್ಪಣೆ ಬೇಕಿಲ್ಲ, ನನಗೆ ಗೊತ್ತು. ಆದರೂ ಫೋನ್ ಕಿವಿಗೆ ಹತ್ತಿರ ಹಿಡಿದು, ಗಮನವಿಟ್ಟು ಕೇಳಿ, “ಒಂದು ಕೂದಲೆಳೆ ಏರ್ಸಮ್ಮ” ಅನ್ನುತ್ತೇನೆ ಒಮ್ಮೊಮ್ಮೆ. ಅಮ್ಮ ಬಗ್ಗಿ ಬಿರಡೆ ತಿರುಗಿಸುತ್ತಾರೆ.